ಇಗರ್ಜಿಯ ನೆರೆಯವರೂ ಮನೆಯೊಳಗಿನ ಪೆಟ್ಟೂ

ಪ್ರತಿ ಆದಿತ್ಯವಾರ ಒಂದೇ ಸಾಲಿನಲ್ಲಿ ಮಂಡಿಯೂರುವ ಗೃಹಿಣಿಯೊಬ್ಬಳು ಎರಡು ವಾರ ಕಾಣದಿದ್ದರೆ, ಅದನ್ನು ಮೊದಲು ಅರಿಯುವವರು ಪೊಲೀಸರಲ್ಲ, ವಕೀಲರೂ ಅಲ್ಲ. ಅವಳ ಪಕ್ಕದಲ್ಲಿ ಮಂಡಿಯೂರುವ ನೆರೆಯವಳು. ಮೂರನೆಯ ವಾರ ಅವಳು ಸೆರಗನ್ನು ಕೆನ್ನೆಯವರೆಗೆ ಎಳೆದುಕೊಂಡು ಬಂದು, ಪೂಜೆ ಮುಗಿಯುವ ಮೊದಲೇ ಎದ್ದು ಹೋದರೆ, ಸಂಗತಿಯೇನೆಂದು ಕೇರಿಯವರೆಲ್ಲರೂ ಊಹಿಸಿಕೊಳ್ಳುತ್ತಾರೆ. ಬಾಯಿಬಿಟ್ಟು ಕೇಳುವವರು ಮಾತ್ರ ವಿರಳ.

ಕಾರವಾರದಲ್ಲಿಯೂ ಅಂಕೋಲೆಯಲ್ಲಿಯೂ ಕ್ರೈಸ್ತ ಕುಟುಂಬಗಳು ಉಳಿದವರ ನಡುವೆ ಅಲ್ಪಸಂಖ್ಯೆಯಲ್ಲಿವೆ. ಆದಕಾರಣ ಅವರಲ್ಲಿ ಒಬ್ಬರ ಮನೆಯ ಸುಖದುಃಖವು ಇನ್ನೊಬ್ಬರಿಗೆ ತಿಳಿಯದೆ ಇರುವುದಿಲ್ಲ. 1976ರಲ್ಲಿ ಬೆಳಗಾವಿಯಿಂದ ಬೇರೆಯಾಗಿ ಕಾರವಾರ ಧರ್ಮಪ್ರಾಂತ್ಯವು ಸ್ಥಾಪಿತವಾದಂದಿನಿಂದ ಈ ಸೀಮೆಯ ಕಥೋಲಿಕರಿಗೆ ತಮ್ಮದೇ ಬಿಷಪ್ಪರಿದ್ದಾರೆ. ನಾಮಕರಣ, ಮದುವೆ, ಮರಣ, ಎಲ್ಲಕ್ಕೂ ಇಗರ್ಜಿಯ ದಫ್ತರದಲ್ಲಿ ದಾಖಲೆಯುಂಟು. ಮನೆಯೊಳಗೆ ಬೀಳುವ ಪೆಟ್ಟಿಗೆ ಮಾತ್ರ ದಾಖಲೆಯಿಲ್ಲ.

ಇದು ಒಂದು ಮತದವರ ಸಂಗತಿಯೆಂದು ಬೇರೆ ಗೃಹಸ್ಥರು ಪುಟ ಮಗುಚಬಾರದು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 18ರಿಂದ 49 ವಯಸ್ಸಿನ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ತಿಳಿಸಿದರು. ಇಡೀ ದೇಶದ ಸರಾಸರಿ ಸುಮಾರು 29 ಇದ್ದಾಗ ನಮ್ಮದು ಇಷ್ಟು! ನಾವು ಇಗರ್ಜಿಯನ್ನು ಕುರಿತು ಬರೆಯುತ್ತಿರುವುದು, ವಾರಕ್ಕೊಮ್ಮೆ ತನ್ನ ಜನರನ್ನೆಲ್ಲ ಕಣ್ಣಾರೆ ಕಾಣುವ ಅನುಕೂಲ ಅದಕ್ಕೆ ಇರುವುದರಿಂದ.

ಹಿಂದಿನಿಂದಲೂ ಇಂಥ ಹೆಂಗಸಿಗೆ ದೊರೆಯುತ್ತ ಬಂದ ಬುದ್ಧಿವಾದ ಒಂದೇ: “ತಾಳಿಕೋ ತಂಗೀ, ಶಿಲುಬೆ ಹೊತ್ತವರಿಗೆ ದೇವರು ಒಳ್ಳೆಯದು ಮಾಡುತ್ತಾನೆ, ಮನೆಗೆ ಹೋಗು.” ಹೇಳುವವರು ಕೆಟ್ಟವರಲ್ಲ. ಅಂದಿನ ಶಾಸನವೂ ಅವರ ಪಕ್ಷದಲ್ಲಿತ್ತು. 1869ರ ಭಾರತೀಯ ವಿಚ್ಛೇದನ ಕಾಯಿದೆಯಂತೆ ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕಾದ ಕಾರಣ. ಹೆಂಡತಿಗಾದರೋ ಗಂಡನ ಕ್ರೌರ್ಯವೊಂದೇ ಸಾಲದು. ಅದರೊಡನೆ ಅವನ ವ್ಯಭಿಚಾರವನ್ನೂ ರುಜುವಾತುಪಡಿಸಬೇಕು. ಮೈಮೇಲಿನ ಬರೆಯನ್ನು ತೋರಿಸಿದರೆ ನ್ಯಾಯಾಸ್ಥಾನವು ವಿವಾಹಬಂಧನದಿಂದ ಬಿಡುಗಡೆ ಕೊಡುತ್ತಿರಲಿಲ್ಲ. 1995ರಲ್ಲಿ ಕೇರಳದ ಉಚ್ಚ ನ್ಯಾಯಾಲಯವು ಈ ತಾರತಮ್ಯವನ್ನು ತಳ್ಳಿಹಾಕಿತು. 2001ರಲ್ಲಿ ಸಂಸತ್ತು ಕಾಯಿದೆಯನ್ನೇ ತಿದ್ದಿತು. ನೂರಮೂವತ್ತೆರಡು ವರ್ಷ! ಅಜ್ಜಿ, ಮಗಳು, ಮೊಮ್ಮಗಳು, ಮರಿಮಗಳು ತಾಳಿದ ತಾಳ್ಮೆಯಷ್ಟು ಉದ್ದ.

ಇಗರ್ಜಿಯ ಧರ್ಮಶಾಸ್ತ್ರವು ತಾಳಿಕೋ ಎಂದೇ ವಿಧಿಸುತ್ತದೆಂಬ ನಂಬಿಕೆಯೂ ತಪ್ಪು. ಕಥೋಲಿಕ ಧರ್ಮಸಂಹಿತೆಯ 1153ನೆಯ ವಿಧಿಯಂತೆ, ಸಂಗಾತಿಯಿಂದ ಶರೀರಕ್ಕಾಗಲಿ ಮನಸ್ಸಿಗಾಗಲಿ ಘೋರವಾದ ಅಪಾಯವೊದಗಿದರೆ ಬೇರೆ ಇರುವುದಕ್ಕೆ ನ್ಯಾಯವಾದ ಕಾರಣವುಂಟು; ತಡಮಾಡುವುದೇ ಅಪಾಯವಾದಲ್ಲಿ ಬಿಷಪ್ಪರ ಅಪ್ಪಣೆಗೂ ಕಾಯಬೇಕಾಗಿಲ್ಲ. ಪೋಪ್ ಫ್ರಾನ್ಸಿಸರು 2016ರ ‘ಅಮೋರಿಸ್ ಲೆತೀತಿಯಾ’ ಎಂಬ ಪತ್ರದಲ್ಲಿ, ದುರ್ಬಲಳಾದ ಪತ್ನಿಯನ್ನೋ ಎಳೆಯ ಮಕ್ಕಳನ್ನೋ ಉಳಿಸಬೇಕಾದಾಗ ಅಗಲಿಕೆಯು ನೀತಿಯ ದೃಷ್ಟಿಯಿಂದಲೇ ಅವಶ್ಯವಾಗಬಹುದೆಂದು ಬರೆದರು. ಇವನ್ನು ಎಷ್ಟು ಪ್ರಸಂಗಗಳಲ್ಲಿ ನಾವು ಕೇಳಿದ್ದೇವೆ? ಸಂತ ಪೌಲನು ಎಫೆಸದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯದಲ್ಲಿ ಹೆಂಡಂದಿರ ವಿಧೇಯತೆಯ ಮಾತನ್ನು ಎಲ್ಲರೂ ಬಲ್ಲರು. ಅದರ ಹಿಂದಿನ ವಚನವು ಇಬ್ಬರಿಗೂ ಪರಸ್ಪರ ವಿಧೇಯತೆಯನ್ನು ವಿಧಿಸಿದೆ. ಮುಂದಿನವು ಗಂಡಂದಿರಿಂದ ಆತ್ಮಾರ್ಪಣೆಯನ್ನೇ ಕೇಳುತ್ತವೆ. ನಡುವಿನದನ್ನಷ್ಟೇ ಓದಿ ಪುಸ್ತಕ ಮುಚ್ಚುವುದು ಜಾಣತನವಿರಬಹುದು, ಪ್ರಾಮಾಣಿಕತೆಯಲ್ಲ.

ಇನ್ನು ರಾಜಿಯ ಮಾತು. ಹಿರಿಯರಿಬ್ಬರು ಗಂಡಹೆಂಡಿರನ್ನು ಎದುರುಬದುರು ಕೂರಿಸಿ, “ನೀನೇನು ಮಾಡಿದೆ, ಅವನಿಗೆ ಸಿಟ್ಟು ಬರಲು?” ಎಂದು ಮೊದಲು ಹೆಂಡತಿಯನ್ನೇ ಕೇಳುವುದು ವಾಡಿಕೆ. ಅವಳು ನಿಜ ನುಡಿದರೆ ಆ ರಾತ್ರಿಯೇ ಅದರ ಬೆಲೆ ತೆರುತ್ತಾಳೆ, ಆದ್ದರಿಂದ ನುಡಿಯುವುದಿಲ್ಲ. ರಾಜಿಯಾಯಿತೆಂದು ಹಿರಿಯರು ಚಹಾ ಕುಡಿದು ಏಳುತ್ತಾರೆ. 2005ರಲ್ಲಿ ಅಂಗೀಕೃತವಾಗಿ 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯ ನಿಯಮಗಳನ್ನು ನೋಡಿರಿ: ಮ್ಯಾಜಿಸ್ಟ್ರೇಟರು ನೇಮಿಸಿದ ಆಪ್ತಸಮಾಲೋಚಕರ ಮುಂದೆ, ಹೊಡೆದವನು ಹೊಡೆದದ್ದಕ್ಕೆ ಸಮರ್ಥನೆ ಹೇಳಲು ಅವಕಾಶವೇ ಇಲ್ಲ. ಇನ್ನು ಹಿಂಸಿಸುವುದಿಲ್ಲವೆಂಬ ಭರವಸೆಯನ್ನು ಅವನಿಂದ ಪಡೆಯುವುದೇ ಆ ಕೂಟದ ಉದ್ದೇಶ. ನಮ್ಮ ಹಿರಿಯರು ಇದೊಂದನ್ನು ಕಲಿತರೂ ಬಹಳವಾಯಿತು.

ಈ ಕಾಯಿದೆಯಲ್ಲಿ ಕೈಯೆತ್ತುವುದು ಮಾತ್ರ ಹಿಂಸೆಯಲ್ಲ. ಬೈಗುಳ, ಬಲಾತ್ಕಾರ, ಸಂಪಾದನೆಯನ್ನು ಕಿತ್ತುಕೊಳ್ಳುವುದು, ತವರಿನ ಬಂಗಾರವನ್ನು ಅಡವಿಡುವುದು, ಎಲ್ಲವೂ ಸೇರಿವೆ. ಹೆಂಡತಿಗಷ್ಟೇ ಅಲ್ಲ, ಒಂದೇ ಮನೆಯಲ್ಲಿರುವ ತಾಯಿ, ಅಕ್ಕತಂಗಿ, ವಿಧವೆಗೂ ರಕ್ಷಣೆಯುಂಟು. ಮನೆ ಅವಳ ಹೆಸರಿನಲ್ಲಿಲ್ಲದಿದ್ದರೂ ಅಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ಅವನನ್ನೇ ಹೊರಗೆ ಹೋಗೆಂದು ಮ್ಯಾಜಿಸ್ಟ್ರೇಟರು ಆಜ್ಞಾಪಿಸಬಹುದು. ಸಂರಕ್ಷಣಾಧಿಕಾರಿಗೆ ಯಾರು ಬೇಕಾದರೂ ಸುದ್ದಿ ಮುಟ್ಟಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ದಾವೆ ಹೂಡುವಂತಿಲ್ಲ. ಸ್ತ್ರೀಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವನ್ನು ಕಾನೂನು ಸೇವಾ ಪ್ರಾಧಿಕಾರವು ಒದಗಿಸುತ್ತದೆ. 181 ಸಹಾಯವಾಣಿ, ಪ್ರಾಣಾಪಾಯವಾದರೆ 112.

ಪಾದ್ರಿಗಳಿಗೆ ಒಂದು ಸೂಕ್ಷ್ಮವಿದೆ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಅವರು ಪ್ರಾಣ ಹೋದರೂ ಹೊರಗೆ ಹೇಳಲಾರರು. ಹೆಂಡತಿಯೂ ತನ್ನ ದುಃಖವನ್ನು ಅಲ್ಲಿಯೇ ತೋಡಿಕೊಂಡರೆ ಅವರ ಕೈ ಕಟ್ಟಿದಂತಾಗುತ್ತದೆ. “ಅಮ್ಮಾ, ಇದನ್ನು ಹೊರಗೆ ಬಂದು ಮತ್ತೊಮ್ಮೆ ಹೇಳು” ಎಂದು ಅವಳನ್ನು ಧರ್ಮಭಗಿನಿಯರ ಸಮ್ಮುಖದಲ್ಲಿ ಮಾತನಾಡಿಸಬೇಕು. ಅವಳು ದೋಷಿಯಲ್ಲ, ದೂರು ಕೊಡುವವಳು.

ಜೂನ್ 1ರಿಂದ ಜುಲೈ 31ರ ವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಮನೆಯಲ್ಲಿ ಗಂಡಸರು, ಕೈಯಲ್ಲಿ ಕಾಸಿಲ್ಲ, ಹೊರಗೆ ಮಳೆ. ಕುಡಿತವೇ ಎಲ್ಲಕ್ಕೂ ಕಾರಣವೆಂದು ಹೇಳಿಬಿಡುವುದು ಸುಲಭ. ಆದರೆ ಕುಡಿದವನು ಅಂಗಡಿಯವನನ್ನು ಹೊಡೆಯದೆ ಮನೆಗೇ ಬಂದು ಹೊಡೆಯುವುದನ್ನು ನೋಡಿದರೆ, ಅವನಿಗೆ ಯಾರನ್ನು ಹೊಡೆಯಬಹುದೆಂಬ ಎಚ್ಚರ ಚೆನ್ನಾಗಿಯೇ ಇರುವುದೆಂದು ತೋರುತ್ತದೆ. ಕೇರಿಯ ಪ್ರಾರ್ಥನಾಕೂಟಗಳು ಈ ಎರಡು ತಿಂಗಳು ಮನೆಮನೆಗೆ ಹೋಗುವುದನ್ನು ತಪ್ಪಿಸಬಾರದು. ಮದುವೆಗೆ ಮುಂಚಿನ ತರಬೇತಿಯಲ್ಲಿಯೂ ವರನ ಕಡೆಗೆ ತಿರುಗಿ, ಕೈಯೆತ್ತಿದರೆ ಈ ಇಗರ್ಜಿ ನಿನ್ನ ಪಕ್ಷದಲ್ಲಿ ನಿಲ್ಲದೆಂದು ಹೇಳಲಿ.

ಕಡೆಯದಾಗಿ ಗೃಹಿಣಿಯರಿಗೆ ಒಂದು ಮಾತು. ಅಂಕೋಲೆಯ ಹಳ್ಳಿಯೊಂದರಿಂದ ರಾತ್ರಿ ಹತ್ತು ಗಂಟೆಗೆ ಮಕ್ಕಳೊಡನೆ ಹೊರಬಿದ್ದವಳಿಗೆ ಕಾರವಾರದ ಕಚೇರಿಗಳೆಲ್ಲ ಬಹುದೂರ, ಬಸ್ಸೂ ಇಲ್ಲ. ಅವಳ ಪಡಿತರ ಚೀಟಿ, ಬ್ಯಾಂಕಿನ ಪುಸ್ತಕ, ಮಕ್ಕಳ ಜನನಪತ್ರ, ಆಧಾರ್ ಇವುಗಳ ಪ್ರತಿಗಳನ್ನು ಮೊದಲೇ ತಂದು ನಿಮ್ಮ ಕಪಾಟಿನಲ್ಲಿಡಲು ಹೇಳಿರಿ, ಗಂಡನಿಗೆ ತಿಳಿಯದಂತೆ. ಬಾಗಿಲು ತಟ್ಟಿದಾಗ ಏನಾಯಿತೆಂದು ಕೇಳುವ ಮೊದಲು ಮಕ್ಕಳಿಗೆ ಗಂಜಿ ಬಡಿಸಿ, ಒಳಗಿನ ಕೋಣೆಯಲ್ಲಿ ಚಾಪೆ ಹಾಸಿರಿ. ಬೆಳಗಾದ ಮೇಲೆ ಪಾದ್ರಿಗಳಿಗೂ ಸಂರಕ್ಷಣಾಧಿಕಾರಿಗೂ ಹೇಳಿಕಳುಹಿಸಿದರಾಯಿತು.