ಗೇಣಿಚೀಟಿಯ ‘ಇಲ್ಲವೇ’: ಆಯ್ಕೆ ಯಾರದು?

ಹಳೆಯ ಗೇಣಿಚೀಟಿಗಳನ್ನು ಓದುವಾಗ ‘ಇಲ್ಲವೇ’ ಎಂಬ ಪದವನ್ನು ನಾವು ಸಾಹಿತ್ಯದ ವಿದ್ಯಾರ್ಥಿಗಳು ಬರೀ ವ್ಯಾಕರಣವಾಗಿ ನೋಡ್ತೇವೆ. ಯುರೋಪಿನ ಸಿವಿಲ್ ಕಾನೂನಿನಲ್ಲಿ ಅದಕ್ಕೆ ಪ್ರತ್ಯೇಕ ನಿಯಮಗಳೇ ಇವೆ. ಆ ಕಾನೂನು ಕಾಸರಗೋಡಿಗೆ ಅನ್ವಯಿಸುವುದಿಲ್ಲ, ಉದಾಹರಣೆ ಮಾತ್ರ ಇಲ್ಲಿಯದು.

‘ಉಗ್ರಾಣದಲ್ಲಿರುವ ಈ ಹತ್ತು ಮುಡಿ ಅಕ್ಕಿ ಇಲ್ಲವೇ ಇಷ್ಟು ಹಣ ಕೊಡುತ್ತೇನೆ’ ಎಂದು ಒಬ್ಬ ಬರೆದುಕೊಟ್ಟ ಅಂತಿಟ್ಟುಕೊಳ್ಳಿ. ಆರಿಸುವವರು ಯಾರು? ಬೇರೆ ಮಾತು ಆಗಿರದಿದ್ದರೆ ಕೊಡಬೇಕಾದವನೇ. ರೋಮನ್ ಕಾನೂನಿನ ಈ ಉತ್ತರವೇ ಫ್ರಾನ್ಸ್, ಜರ್ಮನಿಯ ಸಂಹಿತೆಗಳಲ್ಲೂ ಇದೆ. ಅಕ್ಕಿಯ ಬೆಲೆ ಏರಿದರೆ ಅವನು ಹಣ ಕೊಡ್ತಾನೆ, ಇಳಿದರೆ ಅಕ್ಕಿ ಅಳೆದುಕೊಡ್ತಾನೆ. ಪಡೆಯುವವನಿಗೆ ಸಿಗುವುದು ಅಗ್ಗದ್ದೇ! ಅದು ಬೇಡವಾದರೆ ಆಯ್ಕೆ ತನ್ನದೆಂದು ಅವನು ಮೊದಲೇ ಬರೆಸಿಕೊಳ್ಳಬೇಕು. ಐದು ಮುಡಿ, ಉಳಿದದ್ದಕ್ಕೆ ಹಣ ಅಂತ ಬೆರಕೆ ಮಾಡುವ ಹಾಗಿಲ್ಲ. ಆರಿಸಿ ತಿಳಿಸಿದ ಮೇಲೆ ಬದಲಿಸುವಂತೆಯೂ ಇಲ್ಲ.

ಇನ್ನು, ಆರಿಸುವ ಮೊದಲೇ ಯಾರ ತಪ್ಪೂ ಇಲ್ಲದೆ ಆ ಅಕ್ಕಿ ನೆರೆಗೆ ಹಾಳಾಯಿತು. ಆಗ ಹಣ ಕೊಡಲೇಬೇಕು, ಯಾಕಂದ್ರೆ ಎರಡೂ ಬಾಧ್ಯತೆಯ ಒಳಗೇ ಇದ್ದವು. ಚೀಟಿಯಲ್ಲಿ ‘ಅಕ್ಕಿ ಕೊಡುತ್ತೇನೆ, ಬೇಕಾದರೆ ಅದರ ಬದಲು ಹಣ ಕೊಡಬಹುದು’ ಎಂದಿದ್ದರೆ? ಅಲ್ಲಿ ಕೊಡಬೇಕಾದ್ದು ಅಕ್ಕಿ ಮಾತ್ರ, ಹಣ ಕೊಡುವವನಿಗಿರುವ ಅನುಕೂಲ. ಅಕ್ಕಿ ಹೋದರೆ ಬಾಧ್ಯತೆಯೂ ಹೋಯಿತು. 2016ರ ಸುಧಾರಣೆಯ ನಂತರ ಫ್ರೆಂಚ್ ಸಂಹಿತೆಯಲ್ಲಿ ಇವೆರಡಕ್ಕೆ 1307 ಮತ್ತು 1308 ಎಂಬ ಬೇರೆ ಬೇರೆ ಕಲಮುಗಳಿವೆ. ವಾಕ್ಯರಚನೆಯ ಇಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟು ದೊಡ್ಡ ಬೆಲೆ!

ನಮ್ಮ 1872ರ ಕರಾರು ಕಾಯ್ದೆಯ 58ನೇ ಕಲಮೂ ‘ಇಲ್ಲವೇ’ಯನ್ನು ಮುಟ್ಟುತ್ತದೆ, ಬೇರೊಂದು ಕಡೆಯಿಂದ. ಎರಡರಲ್ಲಿ ಒಂದು ಕಾನೂನುಬಾಹಿರವಾದರೆ ಇನ್ನೊಂದನ್ನು ಮಾತ್ರ ಜಾರಿ ಮಾಡಿಸಬಹುದು. ಅಲ್ಲಿನ ಉದಾಹರಣೆಯೂ ಅಕ್ಕಿಯದ್ದೇ: ಅಕ್ಕಿ ಇಲ್ಲವೇ ಕಳ್ಳಸಾಗಣೆಯ ಅಫೀಮು.