ನಮ್ಮ ದುಡ್ಡು ನಮಗೆ ಮರಳುವ ದಾರಿ

2025ರ ಜೂನ್ ತಿಂಗಳ ಒಂದು ಮಳೆಯ ಮಧ್ಯಾಹ್ನ ಮಾನಂದವಾಡಿಯ ನನ್ನ ಕಚೇರಿಗೆ ಎಪ್ಪತ್ತನಾಲ್ಕು ವರ್ಷ ಪ್ರಾಯದ ತಾಯಿಯೊಬ್ಬರು ಬಂದರು. ಪನಮರಂ ಕಡೆಯ ಹಳೆಯ ಕನ್ನಡ ಮನೆತನವೊಂದಕ್ಕೆ ಸೇರಿದವರು. ಪ್ಲಾಸ್ಟಿಕ್ ಚೀಲದಲ್ಲಿ ನನೆಯದಂತೆ ಸುತ್ತಿ ತಂದಿದ್ದ ಬ್ಯಾಂಕಿನ ಪಾಸುಪುಸ್ತಕವನ್ನು ಮೇಜಿನ ಮೇಲಿಟ್ಟು, "ವಕೀಲರೇ, ನನಗೆ ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲ ಅನ್ನುತ್ತಾರೆ. ಹಾಗಿದ್ದ ಮೇಲೆ ಹದಿನಾರು ಸಾವಿರದ ಎಂಟುನೂರು ರೂಪಾಯಿ ಹಿಡಿದದ್ದು ಯಾಕೆ?" ಎಂದು ಕೇಳಿದರು.

ಗಂಡ ತೀರಿಕೊಂಡ ಬಳಿಕ ಅವರ ಹೆಸರಿಗೆ ಬಂದ ಹನ್ನೆರಡು ಲಕ್ಷ ರೂಪಾಯಿಯ ಠೇವಣಿ, ವರ್ಷಕ್ಕೆ ಎಂಬತ್ತನಾಲ್ಕು ಸಾವಿರ ಬಡ್ಡಿ, ಮನೆಯ ಹಿಂದಿನ ಅಷ್ಟಿಷ್ಟು ಕಾಫಿ, ಕರಿಮೆಣಸು. ಇಷ್ಟೇ ಅವರ ಬದುಕಿನ ಆಧಾರ. ಕಡಿತವಾದ ಆ ಮೊತ್ತವು ಅವರ ಒಂದು ವರ್ಷದ ಔಷಧಿಯ ಖರ್ಚಿಗೆ ಸಮ. ಕಣ್ಣಿನ ಪೊರೆಯ ಶಸ್ತ್ರಕ್ರಿಯೆಯನ್ನು ಅವರು ಅದಾಗಲೇ ಎರಡು ಸಲ ಮುಂದೂಡಿದ್ದರು.

ಇಂತಹ ಪ್ರಶ್ನೆಯನ್ನು ಹೊತ್ತು ಬರುವವರು ನಮ್ಮ ಊರುಗಳಲ್ಲಿ ವಿರಳರಲ್ಲ. ಕೃಷಿಯ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲವೆಂಬುದು ಬೆಳೆಗಾರರೆಲ್ಲರಿಗೂ ತಿಳಿದಿದೆ. ಆದುದರಿಂದಲೇ "ನಮಗೂ ರಿಟರ್ನ್‌ಗೂ ಏನು ಸಂಬಂಧ?" ಎಂಬ ಭಾವನೆ ಬೇರೂರಿದೆ. ಆದರೆ ಬೆಳೆ ಮಾರಿದ ಹಣ ಬ್ಯಾಂಕಿನಲ್ಲಿ ಠೇವಣಿಯಾಗಿ ಕುಳಿತ ಕ್ಷಣದಿಂದ ಅದರ ಬಡ್ಡಿಯು ಕೃಷಿ ಆದಾಯವಾಗಿ ಉಳಿಯುವುದಿಲ್ಲ. ನಿಗದಿತ ಮಿತಿ ಮೀರಿದರೆ ಬ್ಯಾಂಕು ಶೇ. 10ರಷ್ಟನ್ನು ಮೂಲದಲ್ಲೇ ಕಡಿದು ಸರಕಾರಕ್ಕೆ ಕಟ್ಟಬೇಕು. ಹಿರಿಯ ನಾಗರಿಕರಿಗೆ ಆ ಮಿತಿ 50,000 ರೂಪಾಯಿ ಇದ್ದುದು 2025ರ ಏಪ್ರಿಲ್ 1ರಿಂದ ಒಂದು ಲಕ್ಷಕ್ಕೆ ಏರಿದೆ; ಉಳಿದವರಿಗೆ 40,000ದಿಂದ 50,000ಕ್ಕೆ. ಹೀಗೆ ಕಡಿತವಾದ ಹಣವನ್ನು ಮರಳಿ ಪಡೆಯಲು ಇರುವ ಹಾದಿ ಒಂದೇ: ರಿಟರ್ನ್ ಸಲ್ಲಿಸಿ ಕೇಳುವುದು. ಕೇಳದವರ ಹಣ ಖಜಾನೆಯಲ್ಲೇ ಉಳಿಯುತ್ತದೆ.

ಶೇ. 10 ಎಂದ ಮೇಲೆ 84,000ಕ್ಕೆ 8,400 ಆಗಬೇಕಿತ್ತು. ಆ ತಾಯಿಗೆ ಇಮ್ಮಡಿ ಕಡಿತವಾದದ್ದೇಕೆ? ಅವರ ಪ್ಯಾನ್ ನಿಷ್ಕ್ರಿಯವಾಗಿತ್ತು.

ಒಂದು ಇನಿಶಿಯಲ್‌ನ ಬೆಲೆ

ಪ್ಯಾನ್ ಮತ್ತು ಆಧಾರ್ ಸಂಖ್ಯೆಗಳನ್ನು ಜೋಡಿಸದವರ ಪ್ಯಾನ್ 2023ರ ಜುಲೈ 1ರಿಂದ ನಿಷ್ಕ್ರಿಯವಾಗಿದೆ. ನಿಷ್ಕ್ರಿಯವೆಂದರೆ ರದ್ದಾದಂತಲ್ಲ; ಆದರೆ ಅದರ ಪರಿಣಾಮ ಮೂರು ಬಗೆಯದು. ಮೂಲದಲ್ಲಿ ಕಡಿತವು ಶೇ. 20ರ ದರದಲ್ಲಿ ಆಗುತ್ತದೆ. ಬರಬೇಕಾದ ಮರುಪಾವತಿ ತಡೆಹಿಡಿಯಲ್ಪಡುತ್ತದೆ. ತಡೆಹಿಡಿದ ಆ ಅವಧಿಗೆ ಬಡ್ಡಿಯೂ ಸಿಗುವುದಿಲ್ಲ. ತೆರಿಗೆ ಕಡಿಯಬೇಡಿರೆಂದು ಹಿರಿಯರು ಬ್ಯಾಂಕಿಗೆ ಕೊಡುವ 15 ಎಚ್ ನಮೂನೆಯೂ ಸಿಂಧುವಾದ ಪ್ಯಾನ್ ಇಲ್ಲದಿದ್ದರೆ ನಿಷ್ಪ್ರಯೋಜಕ. ಎಂಬತ್ತು ವರ್ಷ ದಾಟಿದವರಿಗೆ ಜೋಡಣೆಯಿಂದ ವಿನಾಯಿತಿ ಇದೆ, ಎಪ್ಪತ್ತನಾಲ್ಕರವರಿಗೆ ಇಲ್ಲ.

ಅವರು ಜೋಡಿಸಲು ಪ್ರಯತ್ನಿಸದೇ ಇರಲಿಲ್ಲ. ಎರಡು ಸಲ ಪ್ರಯತ್ನಿಸಿ ಕೈಚೆಲ್ಲಿದ್ದರು. ಪ್ಯಾನ್ ಕಾರ್ಡಿನಲ್ಲಿ ಅವರ ಹೆಸರಿನ ಮುಂದೆ ಗಂಡನ ಹೆಸರು ಪೂರ್ತಿಯಾಗಿತ್ತು. ಆಧಾರ್‌ನಲ್ಲಿ ಒಂದೇ ಒಂದು ಇನಿಶಿಯಲ್. ಅದೂ ಸಾಲದೆಂಬಂತೆ, ಕನ್ನಡದ ಹೆಸರನ್ನು ಮಲಯಾಳದ ಉಚ್ಚಾರಕ್ಕೆ ಹೊಂದಿಸಿ ಇಂಗ್ಲಿಷಿನಲ್ಲಿ ಬರೆದುದರಿಂದ ಒಂದು ಅಕ್ಷರವೇ ಬದಲಾಗಿತ್ತು. ಗಡಿನಾಡಿನ ಕನ್ನಡಿಗರಿಗೆ ಇದು ಹೊಸ ಅನುಭವವಲ್ಲ. ಶಾಲೆಯ ದಾಖಲೆಯಲ್ಲೊಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು, ಆಧಾರಪತ್ರದಲ್ಲಿ ಮತ್ತೊಂದು. ಮನುಷ್ಯರು ಮನುಷ್ಯರನ್ನು ಗುರುತಿಸುತ್ತಿದ್ದ ಕಾಲದಲ್ಲಿ ಇದರಿಂದ ಹೆಚ್ಚಿನ ಹಾನಿ ಇರಲಿಲ್ಲ. ಗಣಕಯಂತ್ರಕ್ಕೆ ಮುಖ ಪರಿಚಯವಿಲ್ಲ. ಅದಕ್ಕೆ ಅಕ್ಷರ ಮಾತ್ರ ಗೊತ್ತು.

ಜುಲೈಯಲ್ಲಿ ಅಕ್ಷಯ ಕೇಂದ್ರದಲ್ಲಿ ಆಧಾರ್‌ನ ಹೆಸರನ್ನು ತಿದ್ದಿಸಿದೆವು. ಆಗಸ್ಟಿನಲ್ಲಿ ಸಾವಿರ ರೂಪಾಯಿ ಶುಲ್ಕ ಕಟ್ಟಿ ಪ್ಯಾನ್ ಜೋಡಿಸಿದೆವು. ತಮ್ಮ ಹಣವನ್ನೇ ಕೇಳಲು ಸಾವಿರ ಕೊಡಬೇಕೇ ಎಂದು ಆ ತಾಯಿ ಕೇಳಿದಾಗ ಕಾನೂನು ಓದಿದ ನನ್ನಲ್ಲಿ ತೃಪ್ತಿಕರವಾದ ಉತ್ತರವಿರಲಿಲ್ಲ.

ರಿಟರ್ನ್ ಹೋದ ಮೇಲೆ

ಆ ವರ್ಷ ರಿಟರ್ನ್ ಸಲ್ಲಿಕೆಯ ಕಡೆಯ ದಿನ ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೂ ಬಳಿಕ ಇನ್ನೂ ಒಂದು ದಿನಕ್ಕೂ ವಿಸ್ತರಣೆಯಾಗಿತ್ತು. ಅದರೊಳಗೆ ನಮ್ಮ ಕೆಲಸ ಮುಗಿಯಿತು. ಇಲ್ಲಿ ಓದುಗರು ಮರೆಯಬಾರದ ಒಂದು ಸಂಗತಿ ಇದೆ. ರಿಟರ್ನ್ ಸಲ್ಲಿಸಿದರೆ ಸಾಲದು, ಮೂವತ್ತು ದಿನಗಳೊಳಗೆ ಅದನ್ನು ದೃಢೀಕರಿಸಬೇಕು. ಆಧಾರ್‌ಗೆ ಸೇರಿಸಿದ ಮೊಬೈಲಿಗೆ ಬರುವ ಒಟಿಪಿಯಿಂದ ಅದು ನಿಮಿಷದಲ್ಲಿ ಆಗುತ್ತದೆ. ಇಲ್ಲವಾದರೆ ಸಹಿ ಮಾಡಿದ ಪ್ರತಿಯನ್ನು ಬೆಂಗಳೂರಿಗೆ ಅಂಚೆಯಲ್ಲಿ ಕಳುಹಿಸಬೇಕು. ದೃಢೀಕರಣ ತಡವಾದರೆ, ದೃಢೀಕರಿಸಿದ ದಿನವೇ ಸಲ್ಲಿಕೆಯ ದಿನವೆನಿಸುತ್ತದೆ.

ಇಡೀ ದೇಶದ ರಿಟರ್ನ್‌ಗಳು ಪರಿಶೀಲನೆಗಾಗಿ ಹೋಗುವುದು ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ. ಅಲ್ಲಿ ನಮ್ಮ ಲೆಕ್ಕವನ್ನು, ಕಡಿದವರು ಕೊಟ್ಟ ಲೆಕ್ಕದೊಂದಿಗೆ ತಾಳೆ ನೋಡಲಾಗುತ್ತದೆ. ಆದುದರಿಂದ ರಿಟರ್ನ್ ತುಂಬುವ ಮೊದಲೇ 26 ಎಎಸ್ ನಮೂನೆಯನ್ನೂ ವಾರ್ಷಿಕ ಮಾಹಿತಿ ಪತ್ರವನ್ನೂ ತೆಗೆದು ನೋಡಬೇಕು. ಅಲ್ಲಿ ಕಾಣದ ಕಡಿತವನ್ನು ಕೇಳಿದರೆ ಹಣ ಬರುವುದಿಲ್ಲ. ಬ್ಯಾಂಕಿನಿಂದಲೇ ಅದನ್ನು ಸರಿಪಡಿಸಿಕೊಳ್ಳಬೇಕು. ಅಲ್ಲಿ ಕಂಡ ಬಡ್ಡಿಯನ್ನು ರಿಟರ್ನ್‌ನಲ್ಲಿ ಬಿಟ್ಟರೆ ವಿವರಣೆ ಕೇಳುವ ಪತ್ರ ಬರುತ್ತದೆ. ಲೆಕ್ಕದಲ್ಲಿ ಬದಲಾವಣೆ ಮಾಡುವ ಮುನ್ನ ಉತ್ತರಕ್ಕೆ ಮೂವತ್ತು ದಿನ, ರಿಟರ್ನೇ ದೋಷಪೂರ್ಣವೆಂದಾದರೆ ಹದಿನೈದು ದಿನ. ಈ ಪತ್ರಗಳು ಅಂಚೆಯಣ್ಣನ ಕೈಯಲ್ಲಿ ಬರುವುದಿಲ್ಲ, ಇ-ಮೇಲಿಗೆ ಬರುತ್ತವೆ. ರಿಟರ್ನ್ ತುಂಬಿಕೊಟ್ಟ ಅಂಗಡಿಯವನ ಇ-ಮೇಲ್ ವಿಳಾಸವನ್ನೇ ನಮೂದಿಸಿದ್ದರೆ ನಮ್ಮ ಪತ್ರವನ್ನು ನಾವು ಕಾಣುವುದೇ ಇಲ್ಲ.

ನಮ್ಮ ತಾಯಿಯ ರಿಟರ್ನ್ ಬೇಗನೆ ಅಂಗೀಕೃತವಾಯಿತು. ಆದರೆ ಅಕ್ಟೋಬರಿನಲ್ಲಿ "ಮರುಪಾವತಿ ವಿಫಲ" ಎಂಬ ಸೂಚನೆ ಕಾಣಿಸಿತು. ಅವರ ಉಳಿತಾಯ ಖಾತೆಯಿದ್ದ ಬ್ಯಾಂಕು ಹಿಂದೆಯೇ ಇನ್ನೊಂದರಲ್ಲಿ ವಿಲೀನವಾಗಿತ್ತು. ಶಾಖೆಯ ಐಎಫ್‌ಎಸ್‌ಸಿ ಸಂಕೇತ ಬದಲಾಗಿತ್ತು. ಅವರ ಪಾಸುಪುಸ್ತಕ ಮಾತ್ರ ಹಳೆಯದೇ.

ಇದೂ ನಮ್ಮವರನ್ನು ವಿಶೇಷವಾಗಿ ಕಾಡುವ ತೊಡಕು. ಕನ್ನಡ ಕರಾವಳಿಯಲ್ಲಿ ಹುಟ್ಟಿದ ವಿಜಯ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಲೀನವಾದವು. ಮೈಸೂರು ಮತ್ತು ತಿರುವಾಂಕೂರಿನ ಸ್ಟೇಟ್ ಬ್ಯಾಂಕುಗಳು 2017ರಲ್ಲೇ ಭಾರತೀಯ ಸ್ಟೇಟ್ ಬ್ಯಾಂಕಿನೊಳಗೆ ಹೋದವು. ಜನರ ಬಾಯಲ್ಲಿ ಹಳೆಯ ಹೆಸರುಗಳು ಇಂದಿಗೂ ಉಳಿದಿವೆ, ಅದರಲ್ಲಿ ತಪ್ಪಿಲ್ಲ. ರಿಟರ್ನ್‌ನಲ್ಲಿ ಹಳೆಯ ಸಂಕೇತ ಉಳಿಯಕೂಡದು. ಮರುಪಾವತಿಯು ಮೊದಲೇ ದೃಢೀಕರಿಸಿದ ಖಾತೆಗೆ ಮಾತ್ರ ಬರುತ್ತದೆ, ಖಾತೆಯ ಹೆಸರು ಪ್ಯಾನ್‌ನ ಹೆಸರಿನೊಂದಿಗೆ ಹೊಂದಬೇಕು. ಹೊಸ ಸಂಕೇತದಲ್ಲಿ ಖಾತೆಯನ್ನು ದೃಢೀಕರಿಸಿ, ಇಲಾಖೆಯ ಜಾಲತಾಣದಲ್ಲೇ ಮರು ಬಿಡುಗಡೆಗೆ ಕೋರಿಕೆ ಸಲ್ಲಿಸಿದೆವು.

ಯಾವುದು ವಿಳಂಬ?

ಎರಡು ತಿಂಗಳಾಯಿತು, ಹಣ ಬಂದಿಲ್ಲ, ಕೇಸು ಹಾಕಬಹುದೇ ಎಂದು ಕೇಳುವವರಿದ್ದಾರೆ. ಕಾನೂನಿನ ಲೆಕ್ಕ ಬೇರೆ. ರಿಟರ್ನ್ ಸಲ್ಲಿಸಿದ ಆರ್ಥಿಕ ವರ್ಷ ಮುಗಿದ ಬಳಿಕ ಒಂಬತ್ತು ತಿಂಗಳವರೆಗೆ ತಿಳಿವಳಿಕೆ ಪತ್ರ ಕಳುಹಿಸಲು ಇಲಾಖೆಗೆ ಕಾಲಾವಕಾಶವಿದೆ. 2025ರ ಸೆಪ್ಟೆಂಬರಿನಲ್ಲಿ ಸಲ್ಲಿಸಿದ ರಿಟರ್ನ್‌ಗೆ ಆ ಗಡುವು 2026ರ ಡಿಸೆಂಬರ್ 31.

ಕಾಯುವ ಕಾಲಕ್ಕೆ ಪ್ರತಿಫಲವಾಗಿ 1961ರ ಕಾಯಿದೆಯ 244 ಎ ಕಲಂ ತಿಂಗಳಿಗೆ ಶೇ. ಅರ್ಧದಷ್ಟು ಬಡ್ಡಿಯನ್ನು ವಿಧಿಸಿದೆ. ಗಡುವಿನೊಳಗೆ ಸಲ್ಲಿಸಿದವರಿಗೆ ಏಪ್ರಿಲ್ 1ರಿಂದ, ತಡವಾಗಿ ಸಲ್ಲಿಸಿದವರಿಗೆ ಸಲ್ಲಿಸಿದ ದಿನದಿಂದ. ದಾಖಲೆಗಳೆಲ್ಲ ಸರಿಯಿದ್ದವರಿಗೆ 16,800 ರೂಪಾಯಿಗೆ ತಿಂಗಳಿಗೆ 84 ರೂಪಾಯಿ ಬರುತ್ತದೆ. ನಾವು ಬಾಕಿಯಿಟ್ಟರೆ ತೆರಬೇಕಾದುದು ತಿಂಗಳಿಗೆ ಶೇ. 1, ಸರಕಾರ ಕೊಡುವುದು ಅದರ ಅರ್ಧ. ನಮ್ಮಿಂದಾದ ವಿಳಂಬದ ಅವಧಿಯನ್ನು ಇದರಲ್ಲಿ ಕಳೆಯಲಾಗುತ್ತದೆ. ಮರುಪಾವತಿಯ ಮೊತ್ತವು ನಿರ್ಧರಿತ ತೆರಿಗೆಯ ಶೇ. 10ಕ್ಕಿಂತ ಕಡಿಮೆಯಾದರೆ ಬಡ್ಡಿ ಇಲ್ಲ. ಬಂದ ಬಡ್ಡಿಯನ್ನು ಮುಂದಿನ ವರ್ಷದ ಆದಾಯದಲ್ಲಿ ತೋರಿಸಬೇಕು.

ಈ ಬಡ್ಡಿ ಔದಾರ್ಯವಲ್ಲ. ಪುಣೆಯ ಸ್ಯಾಂಡ್ವಿಕ್ ಏಷ್ಯಾ ಕಂಪೆನಿಗೆ ಸಲ್ಲಬೇಕಾದ ಮೊತ್ತ 12ರಿಂದ 17 ವರ್ಷಗಳಷ್ಟು ತಡವಾದಾಗ ಸುಪ್ರೀಂ ಕೋರ್ಟು 2006ರಲ್ಲಿ ಇಲಾಖೆಯ ನಡೆಯನ್ನು ಕಟುವಾಗಿ ಟೀಕಿಸಿ ಪರಿಹಾರ ಕೊಡಿಸಿತು. ಅದನ್ನು ಮುಂದಿಟ್ಟು ಬಡ್ಡಿಗೆ ಬಡ್ಡಿ ಕೇಳುವುದು ಸಲ್ಲದು, ಕಾಯಿದೆಯಲ್ಲಿ ಹೇಳಿದಷ್ಟೇ ಎಂದು 2013ರ ಗುಜರಾತ್ ಫ್ಲೋರೋ ಕೆಮಿಕಲ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಮರು ವರ್ಷ ಟಾಟಾ ಕೆಮಿಕಲ್ಸ್ ಪ್ರಕರಣದಲ್ಲಿ, ಹಕ್ಕಿಲ್ಲದೆ ಹಣ ಇಟ್ಟುಕೊಂಡ ಸರಕಾರ ಅದನ್ನು ಬಡ್ಡಿಯೊಂದಿಗೆ ಹಿಂದಿರುಗಿಸಲು ಬದ್ಧವೆಂದಿತು. ದೊಡ್ಡ ಕಂಪೆನಿಗಳು ಹೋರಾಡಿ ಗಳಿಸಿದ ತತ್ವ ಪನಮರಂನ ವಿಧವೆಗೂ ಅಷ್ಟೇ ಅನ್ವಯಿಸುತ್ತದೆ.

ಕೆಲವೊಮ್ಮೆ ಹಣ ಬಾರದಿರಲು ಹಳೆಯ ಬಾಕಿಯೂ ಕಾರಣವಾಗುತ್ತದೆ. 245ನೇ ಕಲಮಿನಂತೆ ಮರುಪಾವತಿಯನ್ನು ಹಿಂದಿನ ಬಾಕಿಗೆ ವಜಾ ಮಾಡಬಹುದು, ಆದರೆ ಲಿಖಿತ ಸೂಚನೆ ಕೊಡಲೇಬೇಕು. ಉತ್ತರಿಸಲು ಇಪ್ಪತ್ತೊಂದು ದಿನ ಸಿಗುತ್ತದೆ. ಕಟ್ಟಿ ಮುಗಿಸಿದ ಬಾಕಿಯೂ ಹಳೆಯ ಕಡತದಿಂದ ಎದ್ದು ಬರುವುದುಂಟು. ಹಳೆಯ ಚಲನ್‌ಗಳನ್ನು ಒಲೆಗೆ ಹಾಕದಿರುವುದೇ ಇದಕ್ಕೆ ಮದ್ದು.

ತಡವಾದವರಿಗೂ ಬಾಗಿಲಿದೆ

2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಬೆಟ್ಟ ಕುಸಿದಾಗ ಆ ವರ್ಷದ ರಿಟರ್ನ್‌ನ ಗಡುವಿಗೆ ಉಳಿದಿದ್ದುದು ಒಂದೇ ದಿನ. ಮನೆ, ಮನುಷ್ಯರು, ಕಾಗದಪತ್ರ ಎಲ್ಲವೂ ಹೋದ ಮೇಲೆ ತೆರಿಗೆಯ ಗಡುವನ್ನು ಯಾರು ನೆನೆದಾರು? ನಿಜವಾದ ಸಂಕಷ್ಟದಿಂದ ಗಡುವು ಮೀರಿದವರು 119(2)(ಬಿ) ಕಲಮಿನ ಪ್ರಕಾರ ವಿಳಂಬ ಮನ್ನಿಸುವಂತೆ ಅರ್ಜಿ ಸಲ್ಲಿಸಬಹುದು. 2024ರ ಅಕ್ಟೋಬರ್ 1ರ ಸುತ್ತೋಲೆಯಂತೆ ಕರನಿರ್ಧಾರಣಾ ವರ್ಷ ಮುಗಿದು ಐದು ವರ್ಷಗಳವರೆಗೆ ಅವಕಾಶವಿದೆ. ಅಂದರೆ ಆ ವರ್ಷದ ಮರುಪಾವತಿಗೆ 2030ರ ಮಾರ್ಚ್ 31ರ ತನಕ. ಒಂದು ಕೋಟಿಯವರೆಗಿನ ಕೋರಿಕೆಯನ್ನು ಪ್ರಧಾನ ಆಯುಕ್ತರೇ ತೀರ್ಮಾನಿಸಬಲ್ಲರು. ಬಡ್ಡಿ ಸಿಗದು, ಅಸಲು ಸಿಗುತ್ತದೆ. ಸಂತ್ರಸ್ತರ ಬಂಧುಗಳು ಇದನ್ನು ಗಮನಿಸಬೇಕೆಂದು ವಿನಂತಿ. ಮೃತರ ಹೆಸರಿನಲ್ಲಿ ಕಡಿತವಾದ ತೆರಿಗೆಯನ್ನು ಕಾನೂನುಬದ್ಧ ವಾರಸುದಾರರು ನೋಂದಾಯಿಸಿಕೊಂಡು ತಮ್ಮ ಖಾತೆಗೆ ಪಡೆಯಬಹುದು.

ಹೊಸ ಆದಾಯ ತೆರಿಗೆ ಕಾಯಿದೆ 2025ರ ಆಗಸ್ಟಿನಲ್ಲಿ ಅಂಗೀಕಾರವಾಗಿದೆ. ಜಾರಿಯ ದಿನ 2026ರ ಏಪ್ರಿಲ್ 1. ಫೆಬ್ರವರಿಯಲ್ಲಿ ಮಂಡಿಸಿದ ಮೊದಲ ಕರಡಿನಲ್ಲಿ, ಗಡುವಿನೊಳಗೆ ರಿಟರ್ನ್ ಸಲ್ಲಿಸದವರಿಗೆ ಮರುಪಾವತಿಯೇ ಇಲ್ಲವೆಂಬ ಉಪಬಂಧವಿತ್ತು. ಲೋಕಸಭೆಯ ಆಯ್ಕೆ ಸಮಿತಿಯು ಅದನ್ನು ಕೈಬಿಡುವಂತೆ ಶಿಫಾರಸು ಮಾಡಿತು, ಸರಕಾರ ಒಪ್ಪಿತು. ಆ ಒಂದು ಸಾಲು ಉಳಿದಿದ್ದರೆ ಬಡವಾದವರು ಅನೇಕರು. ಹಿಂದಿನ ವರ್ಷಗಳ ಮರುಪಾವತಿಗೆ ಹಳೆಯ ಕಾಯಿದೆಯೇ ಅನ್ವಯ.

ಕನ್ನಡದಲ್ಲೇ ಕೇಳಿ

ಹಣ ಬಾರದಿದ್ದರೆ ಮೊದಲು ಇಲಾಖೆಯ ಜಾಲತಾಣದಲ್ಲಿ ಸ್ಥಿತಿ ನೋಡಿ, ಅಲ್ಲೇ ಕುಂದುಕೊರತೆ ದಾಖಲಿಸಬೇಕು. ಫಲವಿಲ್ಲದಿದ್ದರೆ ಕೇಂದ್ರ ಸರಕಾರದ ಸಾರ್ವಜನಿಕ ಕುಂದುಕೊರತೆ ವ್ಯವಸ್ಥೆಗೆ ದೂರಬಹುದು. ಹಿಂದಿದ್ದ ಆದಾಯ ತೆರಿಗೆ ಓಂಬುಡ್ಸ್‌ಮನ್ ವ್ಯವಸ್ಥೆ 2019ರಲ್ಲಿ ರದ್ದಾಗಿದೆ. ಎಲ್ಲವೂ ಮುಗಿದ ಮೇಲೆ ಸಂವಿಧಾನದ 226ನೇ ವಿಧಿಯಂತೆ ಹೈಕೋರ್ಟಿದೆ. ಹದಿನಾರು ಸಾವಿರಕ್ಕಾಗಿ ಎರ್ನಾಕುಳಂವರೆಗೆ ಹೋಗುವುದು ಕೊನೆಯ ಉಪಾಯ. ಮರುಪಾವತಿ ಬಂದಿದೆ, ಇಲ್ಲಿ ಒತ್ತಿರಿ ಎಂಬ ಮೊಬೈಲ್ ಸಂದೇಶಗಳನ್ನು ಮಾತ್ರ ನಂಬಬಾರದು. ಇಲಾಖೆ ಯಾರ ಪಿನ್ ಸಂಖ್ಯೆಯನ್ನೂ ಕೇಳುವುದಿಲ್ಲ.

ಇಂಗ್ಲಿಷ್ ಬಾರದೆಂದು ಸುಮ್ಮನಾಗುವ ಹಿರಿಯರಿಗೆ ಇನ್ನೊಂದು ಮಾತು. ಸಂವಿಧಾನದ 350ನೇ ವಿಧಿಯು, ಕೇಂದ್ರ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ ತನ್ನ ಕುಂದುಕೊರತೆಯ ಮನವಿಯನ್ನು ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. ಕೇಂದ್ರದ ಅಧಿಕಾರಿಗೆ ಕನ್ನಡದಲ್ಲಿ ಮನವಿ ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ನಮ್ಮ ರಿಟರ್ನ್‌ಗಳು ಹೋಗುವುದಂತೂ ಬೆಂಗಳೂರಿಗೇ.

ಡಿಸೆಂಬರಿನಲ್ಲಿ ಆ ತಾಯಿ ಮತ್ತೆ ಬಂದರು. ಹಣ ಅಲ್ಪ ಬಡ್ಡಿಯೊಂದಿಗೆ ಖಾತೆಗೆ ಬಂದಿತ್ತು. ಈ ಸಲ ಅವರ ಕೈಯಲ್ಲಿದ್ದುದು ಹೊಸ ಪಾಸುಪುಸ್ತಕ. ಸಂತೋಷದ ಮಾತು ಮುಗಿದ ಮೇಲೆ ಚೀಲದಿಂದ ಇನ್ನೊಂದು ಪ್ಯಾನ್ ಕಾರ್ಡು ತೆಗೆದು ಮುಂದಿಟ್ಟರು. "ಇದು ನಮ್ಮ ಪಕ್ಕದ ಮನೆಯವರದ್ದು. ಅವರ ಹೆಸರಲ್ಲೂ ಇನಿಶಿಯಲ್ ಇದೆ, ಒಮ್ಮೆ ನೋಡಿ" ಎಂದರು.