ಹಳೆಯ ಪಿಸಿಗೆ ಹೊಸ ಡಿಸ್ಕು

1983ರಲ್ಲಿ ಬಂದ ಐಬಿಎಂ ಪಿಸಿ ಎಕ್ಸ್‌ಟಿಯ ಹಾರ್ಡ್‌ಡಿಸ್ಕ್ ಸಾಮರ್ಥ್ಯ 10 ಮೆಗಾಬೈಟ್. ಇಂದಿನ ಮೊಬೈಲಿನ ನಾಲ್ಕೈದು ಫೋಟೋಗೆ ಭರ್ತಿಯಾಗುವಷ್ಟು. ಆ ತಲೆಮಾರಿನ ಡಿಸ್ಕುಗಳಲ್ಲಿ ಎಷ್ಟೋ ಕೆಟ್ಟುಹೋಗಿವೆ, ಮದರ್‌ಬೋರ್ಡುಗಳು ಮಾತ್ರ ಇನ್ನೂ ಗಟ್ಟಿಮುಟ್ಟಾಗಿವೆ. ಅಂಥ ಯಂತ್ರಕ್ಕೆ ಕ್ಯಾಮೆರಾದ ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡನ್ನೇ ಹಾರ್ಡ್‌ಡಿಸ್ಕಾಗಿ ಕೂರಿಸುವ ಕಸುಬೊಂದು ಹವ್ಯಾಸಿಗಳ ಕೈಯಲ್ಲಿ ಬೆಳೆದಿದೆ. ಅದಕ್ಕೆ ಬೇಕಾದ ಮುಖ್ಯ ಸಲಕರಣೆ ಎಕ್ಸ್‌ಟಿ-ಐಡಿಇ ಎಂಬ ಕಾರ್ಡು.

1994ರಲ್ಲಿ ಸ್ಯಾನ್‌ಡಿಸ್ಕ್ ತಂದ ಕಾಂಪ್ಯಾಕ್ಟ್‌ಫ್ಲ್ಯಾಶ್‌ಗೆ ಐಡಿಇ ಎಂಬ ಬಗೆಯ ಹಾರ್ಡ್‌ಡಿಸ್ಕಿನಂತೆ ವರ್ತಿಸುವ ಗುಣ ಹುಟ್ಟಿನಿಂದಲೇ ಇದೆ. ಹಾಗಾಗಿ ನಡುವಿನ ಅಡಾಪ್ಟರಿಗೆ ಚಿಪ್ಪು ಬೇಕಿಲ್ಲ. 50 ಪಿನ್ನನ್ನು 40 ಪಿನ್ನಿಗೆ ಸೇರಿಸುವ ತಾಮ್ರದ ಗೆರೆಗಳೇ ಸಾಕು. ತೊಡಕಿರುವುದು ಆಚೆ ಕಡೆ. ಐಡಿಇ ಒಂದು ಸಲಕ್ಕೆ 16 ಬಿಟ್ ಕೊಡುತ್ತದೆ, ಎಕ್ಸ್‌ಟಿಯ ಸ್ಲಾಟಿನಲ್ಲಿ ಡೇಟಾಗೆಂದು ಇರುವುದು 8 ತಂತಿ. ಎಕ್ಸ್‌ಟಿ-ಐಡಿಇ ಕಾರ್ಡು ಅರ್ಧವನ್ನು ಪ್ರೊಸೆಸರಿಗೆ ಕೊಟ್ಟು, ಉಳಿದರ್ಧವನ್ನು ಲ್ಯಾಚ್ ಎಂಬ ಸಣ್ಣ ಚಿಪ್ಪಿನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಮರುಕ್ಷಣ ಇನ್ನೊಂದು ಪೋರ್ಟಿನಿಂದ ಪ್ರೊಸೆಸರ್ ಅದನ್ನೂ ಓದಿಕೊಳ್ಳುತ್ತದೆ. ಕೆಲವೇ ರೂಪಾಯಿಯ ಚಿಪ್ಪಿನಿಂದ ಎರಡು ಕಾಲಗಳ ಅಳತೆ ಹೊಂದಿಕೊಂಡಿತು.

ಆದರೆ ಯಂತ್ರವನ್ನು ಚಾಲೂ ಮಾಡುವ ಮೂಲ ಪ್ರೋಗ್ರಾಮಾದ ಬಯೋಸ್‌ಗೆ ಐಡಿಇ ಡಿಸ್ಕಿನ ಗಂಧಗಾಳಿಯೂ ಇಲ್ಲವಲ್ಲ! ಇಲ್ಲಿ ಕೈಹಿಡಿಯುವುದು ಐಬಿಎಂನವರ ದೂರದೃಷ್ಟಿ. ಪವರ್ ಹಾಕಿದೊಡನೆ ಬಯೋಸ್, ಮನೆಮನೆಯ ಬಾಗಿಲು ತಟ್ಟುವವರಂತೆ, ಮೆಮೊರಿಯ ಒಂದು ಭಾಗವನ್ನು 2 ಕಿಲೋಬೈಟಿಗೊಮ್ಮೆ ನೋಡುತ್ತಾ ಹೋಗುತ್ತದೆ. ಎಲ್ಲಾದರೂ 55, ಎಎ ಎಂಬ ಎರಡು ಬೈಟ್ ಸಿಕ್ಕರೆ, ಅಲ್ಲೊಂದು ಕಾರ್ಡು ತನ್ನದೇ ಪ್ರೋಗ್ರಾಮನ್ನು ಹೊತ್ತು ತಂದಿದೆ ಎಂದು ತಿಳಿಯುತ್ತದೆ. ಆ ಪ್ರೋಗ್ರಾಮಿನ ಬೈಟುಗಳನ್ನೆಲ್ಲ ಕೂಡಿ ಲೆಕ್ಕ ಸರಿಯಿದೆಯೇ ನೋಡಿ, ನಿಯಂತ್ರಣವನ್ನು ಅದಕ್ಕೆ ಒಪ್ಪಿಸುತ್ತದೆ. ಹವ್ಯಾಸಿಗಳು ಬರೆದ, ಯಾರು ಬೇಕಾದರೂ ತೆರೆದು ನೋಡಬಹುದಾದ 'ಎಕ್ಸ್‌ಟಿಐಡಿಇ ಯೂನಿವರ್ಸಲ್ ಬಯೋಸ್' ಒಳಬರುವುದು ಇದೇ ದಾರಿಯಿಂದ. 1981ರ ಮೊದಲ ಪಿಸಿಗಳಲ್ಲಿ ಈ ವ್ಯವಸ್ಥೆ ಇರಲಿಲ್ಲ. ಅವಕ್ಕೆ 1982ರ ಅಕ್ಟೋಬರಿನ ಬಯೋಸ್ ಚಿಪ್ಪು ಹಾಕಬೇಕು.

ಇದೆಲ್ಲ ಹೊರಗಿನವರಿಗೆ ಗೊತ್ತಾದದ್ದು ಹೇಗೆ? ಐಬಿಎಂ ತನ್ನ ಟೆಕ್ನಿಕಲ್ ರೆಫರೆನ್ಸ್ ಪುಸ್ತಕದಲ್ಲಿ ಸರ್ಕ್ಯೂಟ್ ನಕ್ಷೆಯನ್ನೂ ಬಯೋಸಿನ ಸಾಲುಗಳನ್ನೂ ಅಚ್ಚು ಹಾಕಿಸಿತ್ತು. ನನ್ನ ಪ್ರಕಾರ ಪಿಸಿಯ ದೀರ್ಘಾಯುಷ್ಯದ ಗುಟ್ಟು ಪ್ರೊಸೆಸರಿಗಿಂತ ಹೆಚ್ಚಾಗಿ ಈ ಪುಸ್ತಕದಲ್ಲಿದೆ. ಒಳಗುಟ್ಟನ್ನು ಮುಚ್ಚಿಟ್ಟ ಯಂತ್ರಕ್ಕೆ ನಲವತ್ತು ವರ್ಷದ ನಂತರ ಬಿಡಿಭಾಗ ಮಾಡಿಕೊಡುವುದು ಬಲು ಕಷ್ಟ.

ಇದು ಬರೀ ಹಳೆಯದರ ಮೋಹವಲ್ಲ. ಐಎಸ್‌ಎ ಎಂಬ ಈ ಹಳೆಯ ಸ್ಲಾಟಿಗೆ ಹಾಕುವ ಕಾರ್ಡಿನ ಮೂಲಕವೇ ನಡೆಯುವ ಅಳತೆಯ ಉಪಕರಣ, ಲೇತು, ಮಿಲ್ಲಿಂಗ್ ಯಂತ್ರಗಳಿವೆ; ಅಂಗಡಿಯಲ್ಲಿ ಸಿಗುವ ಇಂದಿನ ಕಂಪ್ಯೂಟರಿನಲ್ಲಿ ಆ ಸ್ಲಾಟೇ ಇಲ್ಲ. ಡಿಸ್ಕು ಕೈಕೊಟ್ಟಿತೆಂದು ಚೆನ್ನಾಗಿರುವ ಯಂತ್ರವನ್ನು ಗುಜರಿಗೆ ಹಾಕುವುದಕ್ಕಿಂತ ಹೀಗೊಂದು ಕಾರ್ಡು ಸಿಕ್ಕಿಸುವುದು ಎಷ್ಟೋ ಮೇಲು. ಒಂದೆರಡು ಮಿತಿ ಗೊತ್ತಿರಲಿ: ಡಾಸ್ 3.3 ಒಂದು ಪಾರ್ಟಿಷನ್ನಿಗೆ 32 ಮೆಗಾಬೈಟ್ ಮೀರಿ ಕೊಡದು, ಡಾಸ್ 6.22 ಆದರೆ 2 ಗಿಗಾಬೈಟ್ ತನಕ ನಡೆಯುತ್ತದೆ. ಎಲ್ಲ ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡುಗಳೂ ಬೂಟ್ ಆಗುವುದಿಲ್ಲ, ಕೊಳ್ಳುವ ಮುಂಚೆ ಹಾಕಿ ನೋಡುವುದು ಒಳ್ಳೆಯದು. ಹಳೆಯ ಡಿಸ್ಕು ಇನ್ನೂ ತಿರುಗುತ್ತಿದ್ದರೆ ಅದರೊಳಗಿನ ಫೈಲುಗಳನ್ನು ಮೊದಲು ಕಾಪಿ ಮಾಡಿಕೊಳ್ಳಿ.